ತಾಯಿ ಕಾರ್ಡಿನ ಎಡಗಡೆ ಪುಟ

ನನ್ನ ಅಕ್ಷರ ದುಂಡಗಿದೆ. ಇದು ನಾನೇ ಕೊಚ್ಚಿಕೊಳ್ಳುತ್ತಿರುವ ಮಾತಲ್ಲ, ತಪಾಸಣೆಗೆ ಬಂದ ಮೇಲಧಿಕಾರಿಗಳೆಲ್ಲ ಹೇಳಿದ್ದು. ಪಾವಗಡ ತಾಲ್ಲೂಕಿನಲ್ಲಿ, ನಾಗಲಮಡಿಕೆಯಿಂದ ಒಂದಿಷ್ಟು ದೂರದ ಉಪಕೇಂದ್ರದಲ್ಲಿ ನಾನು ಹದಿನೇಳು ವರ್ಷದಿಂದ ನರ್ಸು. ಜನ ಸಿಸ್ಟ್ರಮ್ಮ ಅನ್ನುತ್ತಾರೆ. ಬಸುರಿಯರ ತೂಕ, ಬಿಪಿ, ರಕ್ತ ನೋಡುವುದು, ಹುಟ್ಟಿದ ಮಕ್ಕಳಿಗೆ ಲಸಿಕೆ ಹಾಕುವುದು, ಆಮೇಲೆ ಅದನ್ನೆಲ್ಲ ತಾಯಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಬೇರೆ ಸಿಸ್ಟರುಗಳು ಬರೆದ ಕಾರ್ಡು ಕೋಳಿ ಕೆದರಿದಂತಿರುತ್ತದೆ. ನನ್ನದು ಹಾಗಲ್ಲ. ನೀಲಿ ಪೆನ್ನು, ನೇರ ಸಾಲು, ಒಂದು ಕಡೆಯೂ ಹೊಡೆದು ಹಾಕಿ ತಿದ್ದಿದ್ದಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ತಾಯಿ ಕಾರ್ಡು ನೋಡದವರಿಗೆ ಒಂದು ಮಾತು ಹೇಳಬೇಕು. ಹೆಸರು ತಾಯಿಯದಾದರೂ ಅದರೊಳಗೆ ಇಬ್ಬರಿದ್ದಾರೆ. ನಾನು ತುಂಬುವ ಕಾರ್ಡನ್ನು ಬಿಡಿಸಿದರೆ ಎಡಗಡೆ ಬಸುರಿಯ ವಿವರ, ಬಲಗಡೆ ಮಗುವಿನ ಲಸಿಕೆಯ ಪಟ್ಟಿ. ಹಾಗಾಗಿ ಮಗುವಿಗೆ ಒಂದೂವರೆ ತಿಂಗಳ ಸೂಜಿ ಹಾಕಿ ಬರೆಯುವಾಗಲೂ ಒಂಬತ್ತು ತಿಂಗಳ ಸೂಜಿ ಹಾಕಿ ಬರೆಯುವಾಗಲೂ ಅದರ ತಾಯಿಯ ಪುಟ ಪಕ್ಕದಲ್ಲೇ ತೆರೆದುಕೊಂಡಿರುತ್ತದೆ. ತಾಯಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಅಂಥ ಒಂದು ಕಾರ್ಡಿನ ಎಡಪುಟದಲ್ಲಿ ನಾನು ಸುಳ್ಳು ಬರೆದೆ. ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಆ ಹುಡುಗಿ ಕುರಿ ಸಾಕುವ ಮನೆಯವಳು. ಊರಾಚೆ ಅವರದೇ ಒಂದು ಹಟ್ಟಿ. ಅವಳ ಗಂಡ ಮಂದೆ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಚೊಚ್ಚಲ ಬಸುರಿ ಅಂತ ತವರಿಗೆ ಬಂದಿದ್ದಳು. ಇಪ್ಪತ್ತೊಂದು ವರ್ಷ, ಕಡ್ಡಿಯಂಥ ಮೈ, ಬಾಯಿ ಮಾತ್ರ ಬಲು ಜೋರು. ಗುರುವಾರ ಗುರುವಾರ ನಾನು ಹಟ್ಟಿಯ ಅಂಗನವಾಡಿ ಜಗುಲಿಯಲ್ಲಿ ನೀಲಿ ಲಸಿಕೆ ಡಬ್ಬಿ ಇಟ್ಟುಕೊಂಡು ಕೂರುತ್ತೇನೆ. ಏಳನೇ ತಿಂಗಳಲ್ಲಿ ಅವಳು ಬಂದು ನನ್ನ ಮುಂದೆ ಕೈ ಚಾಚಿ, ತೋರುಬೆರಳು ಮಾತ್ರ ಎತ್ತಿ ಹಿಡಿದಳು.

"ಚುಚ್ಚು ಸಿಸ್ಟ್ರಮ್ಮ. ಎಸ್ಸೆಲ್ಸಿ ಲೆಕ್ಕದಾಗೆ ಎರಡು ಸಲ ಫೇಲಾಗಿವ್ನಿ. ನೀನಾದ್ರೂ ಪಾಸು ಮಾಡು."

ಬೆರಳು ಚುಚ್ಚಿ ಒಂದು ಹನಿಯನ್ನು ಪಟ್ಟಿಗೆ ತಾಕಿಸಿದರೆ ಅಂಗೈಯಗಲದ ಮೀಟರು ರಕ್ತದ ಬಲ ತೋರಿಸುತ್ತದೆ. ಹನ್ನೊಂದರ ಮೇಲಿದ್ದರೆ ಚೆನ್ನ. ಏಳಕ್ಕಿಂತ ಕಡಿಮೆಯಿದ್ದರೆ ಕಾರ್ಡಿನ ಮೇಲೆ ಕೆಂಪು ಚೀಟಿ ಅಂಟಿಸಬೇಕು, ತುಮಕೂರಿಗೆ ಕಳಿಸಬೇಕು, ಅಲ್ಲಿ ರಕ್ತ ಕೊಟ್ಟು ಅಲ್ಲೇ ಹೆರಿಗೆ ಮಾಡಿಸುತ್ತಾರೆ. ನಮಗೆ ಹತ್ತಿರವಿರುವ ಹೆರಿಗೆ ಆಸ್ಪತ್ರೆಯಲ್ಲಿ ರಕ್ತದ ವ್ಯವಸ್ಥೆಯಿಲ್ಲ. ನಿಯಮ ತಪ್ಪೇನಲ್ಲ. ಆದರೆ ಅದನ್ನು ಮಾಡಿದವರು ತುಮಕೂರನ್ನು ನಕ್ಷೆಯಲ್ಲಿ ನೋಡಿದ್ದಾರೆ, ನಾವು ಬಸ್ಸಿನಲ್ಲಿ ನೋಡಿದ್ದೇವೆ. ಮಧುಗಿರಿ ಬರಬೇಕು, ಕೊರಟಗೆರೆ ಬರಬೇಕು, ಆಮೇಲೆ ತುಮಕೂರು.

ಮೀಟರು ಆರು ಪಾಯಿಂಟ್ ಎಂಟು ಎಂದಿತು. ಇನ್ನೊಂದು ಬೆರಳು ಚುಚ್ಚಿದೆ. ಅದೂ ಅಷ್ಟೇ.

ಹುಡುಗಿಯ ತಾಯಿ ಪಕ್ಕದಲ್ಲೇ ಕೂತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ತುಮಕೂರು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಅವಳ ಮುಖ ಕೆಟ್ಟಿತು.

"ಬ್ಯಾಡ ಬುಡು ಸಿಸ್ಟ್ರಮ್ಮ. ನಮ್ಮಕ್ಕನ ಸೊಸೇನ ಕರ್ಕಂಡೋದ್ರಲ್ಲ, ತಿರುಗ ಹೆಣಾನೇ ತಂದ್ರು. ನೀನು ಕೆಂಪು ಚೀಟಿ ಅಂಟಿಸಿದ್ಯೋ, ನಾವು ಆಸ್ಪತ್ರೆ ಕಡೀಕೆ ತಲೇನೂ ಹಾಕಲ್ಲ. ಮನೇಲೇ ಹೆರ್ಲಿ. ನಾನು ನಾಕು ಹೆತ್ತಿಲ್ವಾ?"

ಆ ಸೊಸೆಯ ಕಥೆ ನನಗೆ ಗೊತ್ತಿತ್ತು. ಮನೆಯಲ್ಲೇ ಎರಡು ದಿನ ನೋವು ತಿಂದು, ಹೊತ್ತು ಮೀರಿದ ಮೇಲೆ ಹೊರಟವಳು ಅವಳು. ಅದನ್ನು ಹೇಳಿದೆ. ರಕ್ತ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದೆ. ಗದರಿದೆ ಕೂಡ. ಅವಳು ಕೊನೆಗೆ ನನ್ನ ಮೊಣಕಾಲು ಹಿಡಿದುಕೊಂಡಳು. "ಇಲ್ಲೇ ಆಸ್ಪತ್ರೇಲಿ ಆಗೋ ಹಂಗೆ ಏನಾದ್ರೂ ಬರ್ಕೊಡು ತಾಯಿ. ಎಲ್ಲ ನಿನ್ ಕೈಲೈತೆ."

ಅವಳು ಹಟ ಹಿಡಿದರೆ ಹಿಡಿದಂತೆಯೇ. ನಿಜ ಬರೆದರೆ ಈ ಹುಡುಗಿ ಗುಡಿಸಲಿನಲ್ಲಿ ಹೆರುತ್ತಾಳೆ. ಸುಳ್ಳು ಬರೆದರೆ ಹತ್ತಿರದ ಆಸ್ಪತ್ರೆಗಾದರೂ ಬರುತ್ತಾಳೆ, ಅಲ್ಲಿ ಡಾಕ್ಟರಿದ್ದಾರೆ, ಔಷಧಿಯಿದೆ, ಆಂಬುಲೆನ್ಸಿದೆ. ಇನ್ನೂ ಎರಡು ತಿಂಗಳಿದೆ, ಅಷ್ಟರೊಳಗೆ ನಾನೇ ಮಾತ್ರೆ ನುಂಗಿಸಿ, ತಿನ್ನಿಸಿ ಉಣ್ಣಿಸಿ, ಬರೆದದ್ದನ್ನು ನಿಜ ಮಾಡಿಬಿಡುತ್ತೇನೆ ಅಂದುಕೊಂಡೆ. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ನನ್ನ ಉಪಕೇಂದ್ರದಲ್ಲಿ ಮೂರು ವರ್ಷದಿಂದ ಒಂದೂ ಮನೆ ಹೆರಿಗೆ ಆಗಿರಲಿಲ್ಲ. ಸಭೆಯಲ್ಲಿ ಅದನ್ನು ಓದಿ ಹೇಳುವಾಗ ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದೆ.

ಒಂಬತ್ತು ಪಾಯಿಂಟ್ ನಾಲ್ಕು ಎಂದು ಬರೆದೆ. ಬರೀ ಒಂಬತ್ತು ಎಂದರೆ ಕಣ್ಣಂದಾಜಿನದು ಅಂತ ಅನುಮಾನ ಬರುತ್ತದೆ, ಪಾಯಿಂಟ್ ಇದ್ದರೆ ಬರುವುದಿಲ್ಲ. ಇದು ನಮ್ಮ ಕೆಲಸದಲ್ಲಿ ಪಳಗಿದವರಿಗೆ ತಾನಾಗಿ ಬರುವ ಬುದ್ಧಿ.

"ಪಾಸಾದ್ನಾ?" ಅಂದಳು ಹುಡುಗಿ.

"ಪಾಸು. ಗ್ರೇಸ್ ಮಾರ್ಕ್ಸ್ ಹಾಕಿದೀನಿ," ಅಂದೆ. ಮೂವರೂ ನಕ್ಕೆವು.

ಆಮೇಲೆ ಎರಡು ತಿಂಗಳು ನಾನು ಆ ಹುಡುಗಿಯ ಬೆನ್ನು ಬಿಡಲಿಲ್ಲ. ನುಗ್ಗೆಸೊಪ್ಪು, ಬೆಲ್ಲ, ಕಡಲೆಕಾಯಿ ಒಯ್ದು ಕೊಟ್ಟೆ. ಕೆಂಪು ಮಾತ್ರೆಯನ್ನು ನನ್ನೆದುರಿಗೇ ನುಂಗಿಸಿದೆ. ನಾನಿದ್ದಾಗ ನುಂಗುತ್ತಿದ್ದಳು. ನಾನಿಲ್ಲದಾಗ ವಾಂತಿ ಬರುತ್ತದೆಂದು ಜಾಲಿಬೇಲಿಗೆ ಎಸೆಯುತ್ತಿದ್ದಳೆಂದು ಆಮೇಲೆ ತಿಳಿಯಿತು. ಎಂಟೂವರೆ ತಿಂಗಳಲ್ಲಿ ಮತ್ತೆ ಚುಚ್ಚಿದೆ. ಏಳು ಪಾಯಿಂಟ್ ಒಂದು. ಅಷ್ಟು ಮಾತ್ರೆ ಕೊಟ್ಟ ಮೇಲೆ ಏರಲೇಬೇಕಲ್ಲ, ಕಾರ್ಡಿನಲ್ಲಿ ಒಂಬತ್ತು ಪಾಯಿಂಟ್ ಎಂಟು ಎಂದು ಬರೆದೆ. ಒಂದು ಸಲ ಬರೆದ ಸುಳ್ಳನ್ನು ಸಾಕಿಕೊಂಡೇ ಹೋಗಬೇಕಾಗುತ್ತದೆ.

ಅದೇ ವಾರ ಹೆರಿಗೆ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಯಿತ್ತು. ನಾನೇ ಅವಳನ್ನು ಕರೆದುಕೊಂಡು ಹೋದೆ. ಲ್ಯಾಬಿನ ಮುಂದಿನ ಸಾಲು ಬಾಗಿಲು ದಾಟಿ ಅಂಗಳಕ್ಕೆ ಬಂದಿತ್ತು. ಅದಕ್ಕೇ ಡಾಕ್ಟರು ಒಬ್ಬೊಬ್ಬರ ಕಾರ್ಡು ನೋಡಿಯೇ, ರಕ್ತ ಕಡಿಮೆಯಿದ್ದವರನ್ನು ಮಲಗಿಸಿ ಕಬ್ಬಿಣಾಂಶದ ಡ್ರಿಪ್ ಹಾಕಿಸುತ್ತಿದ್ದರು. ಇವಳ ಕಾರ್ಡು ನೋಡಿ, "ಇವರದು ಪರವಾಗಿಲ್ಲ, ಮಾತ್ರೆ ಮುಂದುವರಿಸಿ" ಎಂದು ನನ್ನ ಕೈಗೆ ಕೊಟ್ಟರು. ಆಗ ನಾನು ಬಾಯಿ ಬಿಡಬಹುದಿತ್ತು. ಸರ್, ಇನ್ನೊಂದು ಸಲ ನೋಡಿ ಅಂದಿದ್ದರೂ ಸಾಕಿತ್ತು. ನಾಲ್ಕು ಜನ ಮಲಗಿದ್ದರು, ನಾಲ್ಕು ಬಾಟಲಿ ತೂಗುತ್ತಿದ್ದವು. ಹುಡುಗಿ ಬೆಂಚಿನ ಮೇಲೆ ಕೂತು ಅವನ್ನೇ ನೋಡುತ್ತಿದ್ದಳು. "ಅವ್ರೆಲ್ಲ ಫೇಲಾದೋರಾ ಸಿಸ್ಟ್ರಮ್ಮ?" ಎಂದು ಮೆಲ್ಲಗೆ ಕೇಳಿದಳು. ನಾನು ಹೌದು ಅಂದೆ.

ನೋವು ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಫೋನು ಬಂದೊಡನೆ ನಾನೂ ಆಸ್ಪತ್ರೆಗೆ ಓಡಿದೆ. ಅವರು ಆಸ್ಪತ್ರೆ ಮುಟ್ಟಿದಾಗ ಮಗುವಿನ ತಲೆ ಕಾಣುತ್ತಿತ್ತು. ಭಾನುವಾರವಾದ್ದರಿಂದ ಲ್ಯಾಬು ಮುಚ್ಚಿತ್ತು. ತೆರೆದಿದ್ದರೂ ರಕ್ತ ನೋಡುವಷ್ಟು ಪುರುಸೊತ್ತಿರಲಿಲ್ಲ. ಡ್ಯೂಟಿಯಲ್ಲಿದ್ದ ನರ್ಸು ಗುತ್ತಿಗೆಯ ಮೇಲೆ ಹೊಸದಾಗಿ ಬಂದ ಹುಡುಗಿ, ಚುರುಕಾಗಿದ್ದಳು. ಕಾರ್ಡು ಬಿಡಿಸಿ, "ಒಂಬತ್ತು ಪಾಯಿಂಟ್ ಎಂಟು ಇದೆ, ಏನೂ ತೊಂದರೆಯಿಲ್ಲ" ಎಂದು ನನಗೇ ಧೈರ್ಯ ಹೇಳಿದಳು. ಹನ್ನೊಂದು ಗಂಟೆಗೆ ಹೆಣ್ಣುಮಗು ಹುಟ್ಟಿತು. ಕೂಗಿತು. ತಾಯಿಯಾದವಳು ಕತ್ತು ತಿರುಗಿಸಿ ನೋಡಿ, "ಇದೇನು ಇಷ್ಟು ಕರ್ರಗೈತೆ" ಅಂದಳು.

ಆಮೇಲೆ ರಕ್ತ ಹೋಗಲು ಶುರುವಾಯಿತು. ಎಲ್ಲರಿಗೂ ಸ್ವಲ್ಪ ಹೋಗುತ್ತದೆ. ಮೈಯಲ್ಲಿ ರಕ್ತವಿದ್ದವಳು ತಡೆದುಕೊಳ್ಳುವಷ್ಟೇ ಅದು ಎಂದು ಆ ನರ್ಸು ತಿಳಿದಳು. ಕಾರ್ಡಿನ ಪ್ರಕಾರ ಅವಳು ತಿಳಿದದ್ದು ಸರಿ, ಪಕ್ಕದಲ್ಲಿದ್ದ ನಾನು ಆಗಲೂ ತಿದ್ದಲಿಲ್ಲ. ಡಾಕ್ಟರು ಬಂದರು, ಸೂಜಿ ಹಾಕಿದರು, ಮಾಡಬೇಕಾದ್ದನ್ನೆಲ್ಲ ಮಾಡಿದರು. ಒಂದು ಗಂಟೆಯೊಳಗೆ ಹುಡುಗಿಯ ತುಟಿ ಸುಣ್ಣವಾಯಿತು.

ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳ ತಾಯಿ ಮುಂದೆ ಕೂತಳು. ಒಳಗಿದ್ದ ಸಿಬ್ಬಂದಿ ತುಮಕೂರಿಗೆ ಫೋನಿನಲ್ಲಿ ತಿಳಿಸಬೇಕು, ಹಿಮೋಗ್ಲೋಬಿನ್ ಎಷ್ಟು ಎಂದು ಕೇಳಿದ. ಏಳು ಅಂದೆ. "ಕಾರ್ಡಲ್ಲಿ ಒಂಬತ್ತು ಪಾಯಿಂಟ್ ಎಂಟು ಅಂತ ನೀವೇ ಬರೆದಿದ್ದೀರಲ್ಲ ಮೇಡಂ?" ಅಂದ. "ಏಳು ಅಂತಲೇ ಹೇಳಿ," ಎಂದು ಕಿರುಚಿದೆ. ಅವನಿಗೆ ನಾನು ಗಾಬರಿಯಲ್ಲಿ ಏನೋ ಒದರುತ್ತಿದ್ದೇನೆ ಅನ್ನಿಸಿರಬೇಕು, ಕಾರ್ಡಿನಲ್ಲಿದ್ದದ್ದನ್ನೇ ಓದಿ ಹೇಳಿದ. ಏಳು ಎಂದೇ ಹೇಳಿದ್ದರೂ ಏನಾಗುತ್ತಿತ್ತೋ, ಅದು ಬೇರೆ ಮಾತು. ಮಧುಗಿರಿ ದಾಟುವಾಗ ಹುಡುಗಿ "ನಿದ್ದೆ ಬತ್ತೈತೆ" ಅಂದಳು. ಮಲಗಬೇಡ, ಮಾತಾಡು, ಏನಾದರೂ ಮಾತಾಡು ಎಂದು ಕೆನ್ನೆ ತಟ್ಟಿದೆ. ಅಷ್ಟು ಮಾತಿನ ಹುಡುಗಿ ಮತ್ತೆ ಬಾಯಿ ಬಿಡಲಿಲ್ಲ. ಮಧುಗಿರಿಯ ಬೆಟ್ಟ ಹಿಂದಿನ ಗಾಜಿನಲ್ಲಿ ಇನ್ನೂ ಕಾಣುತ್ತಿತ್ತು, ಕೊರಟಗೆರೆ ಬಂದಿರಲಿಲ್ಲ.

ತಾಯಿ ಸತ್ತರೆ ನಮ್ಮಲ್ಲಿ ಸಭೆ ಸೇರಿಸಿ ವಿಚಾರಣೆ ಮಾಡುತ್ತಾರೆ. ಯಾರಿಂದ ಎಲ್ಲಿ ತಪ್ಪಾಯಿತು ಎಂದು ನೋಡುವುದಕ್ಕೆ. ಅಧಿಕಾರಿ ಕಾರ್ಡನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಓದಿದರು. ತಪಾಸಣೆಗಳು ಸಮಯಕ್ಕೆ ಆಗಿವೆ. ಮಾತ್ರೆ ಕೊಟ್ಟಿದೆ. ರಕ್ತ ಏರುತ್ತ ಬಂದಿದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ. ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ, "ನೋಡಿ, ದಾಖಲೆ ಅಂದರೆ ಹೀಗಿರಬೇಕು, ಎಷ್ಟು ನೀಟಾಗಿ ಬರೆದಿದ್ದಾರೆ," ಅಂದರು. ಹಳ್ಳಿಯ ಕಡೆಯಿಂದ ಲೋಪವಿಲ್ಲ ಎಂದು ಬರೆಸಿದರು. ಉಳಿದದ್ದು ಆ ಡ್ಯೂಟಿ ನರ್ಸು. ರಕ್ತಸ್ರಾವ ಗುರುತಿಸಲು ತಡಮಾಡಿದ್ದು ಯಾಕೆ ಎಂದು ಅವಳಿಗೆ ನೋಟಿಸು ಹೋಯಿತು. ಮುಂದಿನ ವರ್ಷ ಅವಳ ಗುತ್ತಿಗೆ ಮುಂದುವರಿಯಲಿಲ್ಲ.

ಸಭೆ ಮುಗಿದ ಮೇಲೆ ವರಾಂಡದಲ್ಲಿ ಅವಳು ನನ್ನ ತೋಳು ಹಿಡಿದು ಅತ್ತಳು. "ಒಂಬತ್ತು ಪಾಯಿಂಟ್ ಎಂಟು ಇತ್ತಲ್ಲ ಮೇಡಂ, ಅಷ್ಟು ಬೇಗ ಹೇಗೆ ಹೋದಳು? ನಾನು ಏನು ತಪ್ಪು ಮಾಡಿದೆ, ನೀವಾದರೂ ಹೇಳಿ." ನಾನು ನನ್ನ ನೀರಿನ ಬಾಟಲಿ ತೆಗೆದು ಅವಳಿಗೆ ಕೊಟ್ಟೆ. ಅವಳು ಕುಡಿದು, ಮುಚ್ಚಳ ಹಾಕಿ, ಥ್ಯಾಂಕ್ಸ್ ಹೇಳಿ ವಾಪಸು ಕೊಟ್ಟಳು. ಆ ಕ್ಷಣ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಯಾಕೆ ಹೇಳಲಿಲ್ಲ ಎಂದರೆ ಹೆದರಿಕೆ. ನೌಕರಿ ಹೋದರೆ ಎಂಬ ಹೆದರಿಕೆ, ನನ್ನ ಮಕ್ಕಳೆದುರು ಏನೆಂದು ನಿಲ್ಲಲಿ ಎಂಬ ಹೆದರಿಕೆ. ಜೊತೆಗೆ ಇನ್ನೊಂದಿತ್ತು. ನಿಜ ಹೊರಗೆ ಬಂದರೆ ಆ ತಾಯಿಗೂ ಗೊತ್ತಾಗುತ್ತದೆ. ಬರ್ಕೊಡು ಎಂದು ಮೊಣಕಾಲು ಹಿಡಿದವಳು ಅವಳು. ಬರೆದವಳು ನಾನಾದರೂ, ಅವಳು ಅದನ್ನು ತನ್ನ ತಲೆಗೇ ಹಾಕಿಕೊಳ್ಳುತ್ತಾಳೆ. ಮಗಳು ಸತ್ತಿದ್ದೇ ಸಾಕು, ಇದೂ ಯಾಕೆ ಅನ್ನಿಸುತ್ತಿತ್ತು. ಇದು ಕಾರಣವೋ ನೆಪವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮಗುವನ್ನು ಅಜ್ಜಿಯೇ ಸಾಕಿದಳು. ಲಸಿಕೆಗೆ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದೇವರ ಪಟದ ಹಿಂದೆ ಇಟ್ಟು ಕಾಪಾಡುತ್ತಿದ್ದಳು. ಕವರಿನ ಮೂಲೆಗೆ ಕುಂಕುಮ ಹತ್ತಿರುತ್ತಿತ್ತು. "ನಮ್ ಹುಡ್ಗಿ ಹೆಸ್ರು ಇಷ್ಟು ಚೆಂದಾಗಿ ಇನ್ನೆಲ್ಲೂ ಬರ್ದಿಲ್ಲ ಕಣಮ್ಮ," ಎಂದು ಒಂದು ಸಲ ಹೇಳಿದಳು. ಬಲಪುಟದಲ್ಲಿ ತಾರೀಖು ಬರೆಯುವಾಗ ನಾನು ಎಡಪುಟದ ಮೇಲೆ ಅಂಗೈ ಊರಿಕೊಂಡು ಬರೆಯುತ್ತಿದ್ದೆ. ಒಂದೂವರೆ ತಿಂಗಳಿಗೆ, ಎರಡೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಪ್ರತಿ ಸಲವೂ ಹಾಗೇ.

ಒಂಬತ್ತು ತಿಂಗಳ ಸೂಜಿಗೆ ಬಂದಾಗ ಅವಳ ಜೊತೆ ಸೊಸೆಯೂ ಇದ್ದಳು, ಮಗನ ಹೆಂಡತಿ. ಆರು ತಿಂಗಳ ಬಸುರಿ. ಅವಳ ಬೆರಳು ಚುಚ್ಚಿದೆ. ಆರು ಪಾಯಿಂಟ್ ಒಂಬತ್ತು.

ಅಜ್ಜಿ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ಮಗುವನ್ನು ತೊಡೆಯ ಮೇಲೆ ಸರಿಸಿಕೊಂಡು, ನಗುತ್ತಲೇ ಹೇಳಿದಳು. "ಕಮ್ಮಿ ಐತೇನೋ. ಇರ್ಲಿ ಬುಡು. ಅವಳ್ಗೆ ಬರ್ದಂಗೆ ಇವಳ್ಗೂ ಒಸಿ ಒಳ್ಳೇದು ಬರ್ಕೊಡು. ನೀನು ಇರೋತನಕ ನಮ್ಗೇನು ಭಯ ಇಲ್ಲ."

ಆ ಬರಹವೇ ಮಗಳನ್ನು ಕೊಂದಿತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮಗಳು ಹಣೆಬರಹದಿಂದ ಸತ್ತಳು, ಸಿಸ್ಟ್ರಮ್ಮ ಕೈಲಾದದ್ದು ಮಾಡಿದಳು, ಇಷ್ಟೇ ಅವಳ ತಿಳಿವಳಿಕೆ. ನಾನು ಬರೆಯುವುದಿಲ್ಲ ಎಂದರೆ ಯಾಕೆ ಅನ್ನುತ್ತಾಳೆ. ಯಾಕೆ ಎಂದು ಹೇಳದೆ ಅವಳನ್ನು ತುಮಕೂರಿಗೆ ಹೊರಡಿಸಲು ನನ್ನ ಹತ್ತಿರ ಬೇರೆ ಮಾತೇ ಇರಲಿಲ್ಲ. ಸೊಸೆಯನ್ನು ಮಗು ಎತ್ತಿಕೊಂಡು ಆಚೆ ಹೋಗು ಎಂದು ಕಳಿಸಿದೆ. ಆಮೇಲೆ ಹೇಳಿದೆ. ಆವತ್ತು ಮೀಟರು ತೋರಿಸಿದ್ದು ಎಷ್ಟು, ನಾನು ಬರೆದದ್ದು ಎಷ್ಟು, ಡ್ರಿಪ್ ಯಾಕೆ ಹಾಕಲಿಲ್ಲ, ಆಸ್ಪತ್ರೆಯ ನರ್ಸು ಯಾಕೆ ಸುಮ್ಮನಿದ್ದಳು, ಎಲ್ಲ.

ಅವಳು ಕವರಿನಿಂದ ಕಾರ್ಡು ತೆಗೆದು ಬಿಡಿಸಿದಳು. ಓದು ಬಾರದವಳು, ಎಲ್ಲಿದೆ ತೋರಿಸು ಎಂಬಂತೆ ನನ್ನ ಕಡೆ ನೋಡಿದಳು. ಒಂಬತ್ತು ಪಾಯಿಂಟ್ ನಾಲ್ಕರ ಮೇಲೆ ಬೆರಳಿಟ್ಟು ತೋರಿಸಿದೆ.

"ಹಂಗಾದ್ರೆ ನಾನು ಕೇಳ್ಕಂಡಿದ್ಕೆ ಹೋದ್ಲಾ ಅವ್ಳು?"

"ಬರೆದಿದ್ದು ನಾನು ಅಕ್ಕ. ನಂದೇ ತಪ್ಪು."

ಅವಳು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ನನ್ನ ಹತ್ತಿರ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಿದ್ದವಳು ಆಗ ತನ್ನ ಮನೆಯ ತೆಲುಗಿಗೆ ಇಳಿದಳು. "ಎಂದುಕಮ್ಮಾ ಚೆಪ್ತಿವಿ?" ಅಂದಳು. ಯಾಕಮ್ಮ ಹೇಳಿದೆ ಎಂದು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಬೈದಿದ್ದರೆ ನಾನು ಎಲ್ಲವನ್ನೂ ಕೇಳಿಸಿಕೊಂಡು ಕೂರುತ್ತಿದ್ದೆ. ಎದ್ದು, ಮಗುವನ್ನು ಸೊಸೆಯ ಕಂಕುಳಿನಿಂದ ತೆಗೆದುಕೊಂಡು ಹೋದಳು. ಕಾರ್ಡು ಜಗುಲಿಯ ಮೇಲೇ ಉಳಿಯಿತು.

ಸೊಸೆಯ ಕಾರ್ಡಿನಲ್ಲಿ ನಿಜ ಬರೆದು ಕೆಂಪು ಚೀಟಿ ಅಂಟಿಸಿದೆ. ಆಂಬುಲೆನ್ಸಿಗೆ ಹೇಳಿದೆ. ಡಾಕ್ಟರನ್ನು ಹಟ್ಟಿಗೇ ಕರೆತಂದೆ. ಅವರ ಮನೆಯ ಬಾಗಿಲು ಹಾಕಿತ್ತು. ಮಂದೆಯ ಜೊತೆ ಸೊಸೆಯನ್ನೂ ಕರೆದುಕೊಂಡು ಹೋದರಂತೆ ಎಂದು ಪಕ್ಕದವರು ಅಂದರು. ಎಲ್ಲಿಗೆ ಎಂದು ಯಾರೂ ಬಾಯಿ ಬಿಡಲಿಲ್ಲ. ಮೂರು ತಿಂಗಳು ನಾನು ಯಾರ ಫೋನು ಬಂದರೂ ಬೆಚ್ಚುತ್ತಿದ್ದೆ.

ದಿನ ತುಂಬಿದಾಗ ಸೊಸೆಯನ್ನು ಹಟ್ಟಿಗೆ ಕರೆತಂದರಂತೆ, ಮನೆಯಲ್ಲೇ ಹೆತ್ತಳು. ಗಂಡು ಮಗು. ಇಬ್ಬರೂ ಉಳಿದರು. ಇದನ್ನು ಕೇಳಿದಾಗ ನಾನು ಗೋಡೆಗೊರಗಿ ಅತ್ತುಬಿಟ್ಟೆ, ಅಷ್ಟು ಹಗುರವಾಯಿತು. ಹಗುರವಾದದ್ದು ಎರಡು ದಿನ ಮಾತ್ರ. ಆಮೇಲೆ ಹಟ್ಟಿಯಲ್ಲಿ ಹುಟ್ಟಿದ ಮಾತು ನನ್ನ ಕಿವಿಗೂ ಬಿತ್ತು. ಸಿಸ್ಟ್ರಮ್ಮ ಪಾಸು ಅಂದೋಳು ಆಸ್ಪತ್ರೆಗೆ ಹೋಗಿ ಸತ್ತಳು, ಸಿಸ್ಟ್ರಮ್ಮ ಫೇಲು ಅಂದೋಳು ಮನೆಯಲ್ಲಿ ಹೆತ್ತು ಗಟ್ಟಿಮುಟ್ಟಾಗಿದ್ದಾಳೆ. ಇನ್ನು ಬೆರಳು ಯಾಕೆ ಚುಚ್ಚಿಸಿಕೊಳ್ಳಬೇಕು? ಅವರು ಕಂಡದ್ದು ಎರಡೇ ಹೆರಿಗೆ, ಎರಡೂ ನನ್ನನ್ನು ಸುಳ್ಳುಗಾತಿ ಎಂದೇ ಹೇಳುತ್ತವೆ. ಮೊದಲನೆಯದರಲ್ಲಿ ನಾನು ಸುಳ್ಳುಗಾತಿಯೇ.

ಆ ಹೆಣ್ಣುಮಗುವಿಗೆ ಈಗ ಒಂದೂವರೆ ವರ್ಷ ದಾಟಿದೆ. ಅದರ ಬೂಸ್ಟರ್ ಬಾಕಿಯಿದೆ. ಎರಡು ಸಲ ಹೋದೆ, ಅಜ್ಜಿ ಒಳಗಿನಿಂದ ಹೊರಗೆ ಬರಲಿಲ್ಲ. ಕಾರ್ಡು ನನ್ನ ಬೀರುವಿನಲ್ಲಿದೆ, ಕುಂಕುಮ ಹತ್ತಿದ ಕವರಿನ ಸಮೇತ.

ಗುರುವಾರ ಗುರುವಾರ ನಾನು ಈಗಲೂ ಅದೇ ಜಗುಲಿಯಲ್ಲಿ ಕೂರುತ್ತೇನೆ. ಮಕ್ಕಳನ್ನು ಕರೆತರುತ್ತಾರೆ, ಬಸುರಿಯರೂ ಮಾತ್ರೆಗೆ ಬರುತ್ತಾರೆ. ಮೀಟರು ತೆಗೆದರೆ ಮಾತ್ರ ಕೈಗಳು ಸೆರಗಿನೊಳಗೆ ಹೋಗುತ್ತವೆ. ಕಳೆದ ವಾರ ಒಬ್ಬಳು ಬಂದಿದ್ದಳು, ಎಂಟು ತಿಂಗಳು, ತುಟಿ ಬೆಳ್ಳಗೆ. ಎಷ್ಟು ಬೇಡಿಕೊಂಡರೂ, "ನಂಗ್ಯಾಕೆ ಬುಡು ಸಿಸ್ಟ್ರಮ್ಮ" ಎಂದು ಬೆರಳು ಮಡಚಿಕೊಂಡು ನಕ್ಕಳು. ನಾನು ಆಸ್ಪತ್ರೆಗೆ ಹೋಗು ಅಂದೆ, ತಲೆಯಾಡಿಸಿದಳು. ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಮಗೀಗ ಟ್ಯಾಬು ಕೊಟ್ಟಿದ್ದಾರೆ, ಎಲ್ಲವನ್ನೂ ಅದರಲ್ಲಿ ತುಂಬಬೇಕು. ರಕ್ತದ ಖಾನೆ ಖಾಲಿ ಬಿಟ್ಟರೆ ಅದು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಅವತ್ತು ಸಂಜೆಯೊಳಗೆ ಪಟ್ಟಿ ಕಳಿಸಬೇಕಿತ್ತು. ಜಗುಲಿ ಖಾಲಿಯಾಗಿತ್ತು. ಅವಳ ಹೆಸರಿನ ಮುಂದಿನ ಚೌಕವೂ ಖಾಲಿ. ಒಂಬತ್ತು ಪಾಯಿಂಟ್ ನಾಲ್ಕು ಎಂದು ಒತ್ತಿದೆ.